ಓರಗಿತ್ತಿಯ ಪಿಟ್‌ಗುಂಡಿ

ಅರಸೀಕೆರೆಯಲ್ಲಿ ನನ್ನದೂ ಓರಗಿತ್ತಿಯದೂ ಒಂದೇ ಕಾಂಪೌಂಡಿನ ಎರಡು ಮನೆಗಳು. ತೊಂಬತ್ತರ ದಶಕದ ಕೊನೆಯಲ್ಲಿ ಎರಡನ್ನೂ ಮಾರಲು ಹೊರಟೆವು. ಅವಳದು ಮೊದಲು ಹೋಗಬಾರದು ಎಂಬುದೊಂದೇ ನನ್ನ ಪ್ರೇಯರ್. ಮದುವೆಯಾಗಿ ಬಂದಾಗಿನಿಂದ ಎಲ್ಲದರಲ್ಲೂ ಅವಳೇ ಫಸ್ಟ್.

ಹಾರನಹಳ್ಳಿಯಿಂದ ಗಂಡ ಹೆಂಡತಿ ಎರಡೂ ಮನೆ ನೋಡಲು ಬಂದರು. ಹಾಲ್, ಕಿಚನ್ ಕಡೆ ಕಣ್ಣಾಡಿಸಿದ ಆಕೆ ನೇರ ಹಿತ್ತಲಿನ ಕಕ್ಕಸಿನ ಕಡೆ ನಡೆದು, "ಪಿಟ್‌ಗುಂಡಿ ಮುಚ್ಚಳ ತೆಗೆಸ್ರವ್ವಾ, ಅದ್ನ ನೋಡ್ದೆ ನಾವ್ ಮನೆ ತಗಳಾಕಿಲ್ಲ" ಎಂದರು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸಿನಲ್ಲಿ ಗುಂಡಿಯ ಮಾತೇ ಇರಲಿಲ್ಲ. ಮುಚ್ಚಳ ತೆಗೆಯಲು ಆಳನ್ನು ಕರೆಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ.

ಓರಗಿತ್ತಿಯ ಗುಂಡಿ ಕಂಠಮಟ್ಟ ತುಂಬಿತ್ತು. ಅವಳಿಗೆ ನಾಚಿಕೆಯೇ ಇಲ್ಲ. "ಏನ್ ಮಾಡೋದು ಹೇಳಿ? ಹಬ್ಬ ಬಂದ್ರೆ ಬೇಲೂರಿನೋರು, ಮಾದಿಹಳ್ಳಿಯೋರು, ಎಲ್ರೂ ನಮ್ಮನೇಲೇ ಠಿಕಾಣಿ ಕಣ್ರೀ" ಎಂದು ನಕ್ಕಳು.

ನಮ್ಮದನ್ನು ತೆರೆದಾಗ ಹಾರನಹಳ್ಳಿಯಾಕೆ ಬಗ್ಗಿ ನೋಡಿ, "ಅಯ್ಯೋ, ಹೊಸದಿದ್ದಂಗೈತೆ! ನಿಮ್ಮನೇಗೆ ಯಾರೂ ಬರಾಕಿಲ್ವೇನವ್ವಾ?" ಎಂದು ಕೇಳಿದರು.

"ನಮಗೆ ಪ್ರೈವಸಿ ಇಷ್ಟ" ಎಂದೆ.

"ಒಳ್ಳೇದೇ ಆಯ್ತು ಬುಡಿ, ನಮಗೆ ಈ ಮನೇನೇ ಸರಿ" ಎಂದು ಅಲ್ಲೇ ಮಾತು ಕೊಟ್ಟರು.

"ಕಂಗ್ರಾಟ್ಸ್ ಅಕ್ಕಾ" ಎಂದು ಓರಗಿತ್ತಿ ನಿಜವಾದ ಸಂತೋಷದಿಂದಲೇ ನನ್ನ ಕೈ ಹಿಡಿದಳು. ಕೊನೆಗೂ ಗೆದ್ದಿದ್ದೆ. ಆದರೆ ಬೇಲೂರಿನವರು, ಮಾದಿಹಳ್ಳಿಯವರು ನನಗೂ ಅಷ್ಟೇ ನೆಂಟರು. ಒಂದೇ ಕಾಂಪೌಂಡಿಗೆ ಬಂದು ಅವಳಲ್ಲಿ ಉಂಡು ಮಲಗಿ ಹೋದವರು ನಮ್ಮ ಹಿತ್ತಲಿಗೆ ಕಾಲು ತೊಳೆಯಲೂ ಬಂದವರಲ್ಲ. ಆಳು ಅವಳ ಗುಂಡಿಯ ಮುಚ್ಚಳ ಎಳೆದು ಮುಚ್ಚುವವರೆಗೂ ನಾನು ಹೊಟ್ಟೆ ಉರಿಸಿಕೊಂಡು ಅದನ್ನೇ ನೋಡುತ್ತಿದ್ದೆ.