ಎರಡು ದೇಶಗಳ ನೀರಿನಲ್ಲಿ ದೇವರಾಜು

ಬೆಳಗೊಳದ ಚಲುವರಾಜು ಹದಿನಾಲ್ಕು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವನು. ಈಗ ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಮೆಸ್ಸು ಇಟ್ಟಿದ್ದಾನೆ. ಅಲ್ಲಿ ಫ್ರಿಜ್ಜಿಲ್ಲ. ಹಾಲು, ಕೋಳಿ ಆಯಾ ದಿನದ್ದೇ. ಕೇಳಿದವರಿಗೆ, ತಣ್ಣಗಿಟ್ಟರೆ ರುಚಿ ಕೆಡುತ್ತದೆ ಎನ್ನುತ್ತಾನೆ.

ಬಿಂಡಿಗನವಿಲೆಯ ದೇವರಾಜುವಿಗೆ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಕೊಡಿಸಿದವನು ಇವನೇ. ಮೂರು ವರ್ಷಗಳ ಹಿಂದೆ ಅವರ ಹಡಗು ಬಂದರಿನೊಳಗೆ ಹೋಗುವ ಸರದಿಗೆ ಕಾಯುತ್ತಾ ಹೊರಗೆ ಲಂಗರು ಹಾಕಿ ನಿಂತಿತ್ತು. ಆ ನೀರು ತಮ್ಮದೆಂದು ಎರಡು ದೇಶಗಳು ಹೇಳುತ್ತಿದ್ದವು. ಒಂದು ಬೆಳಿಗ್ಗೆ ಎರಡೂ ದೇಶಗಳ ಕಾವಲು ಹಡಗುಗಳು ಬಂದು ಆಚೆಗೊಂದು ಈಚೆಗೊಂದು ನಿಂತವು. ಅನುಮತಿಯಿಲ್ಲದೆ ನಮ್ಮ ಗಡಿಯೊಳಗೆ ನಿಂತಿದ್ದೀರಿ, ನಮ್ಮ ಬಂದರಿಗೆ ಬನ್ನಿ ಎಂದು ಇಬ್ಬರದೂ ಒಂದೇ ಮಾತು. ಒಬ್ಬರ ಹಿಂದೆ ಹೋದರೆ ನೀರು ಅವರದೆಂದು ಒಪ್ಪಿದ ಹಾಗೆ, ಇನ್ನೊಬ್ಬರು ಬಿಡುವುದಿಲ್ಲ. ಕದಲಬೇಡ ಎಂದು ಕಂಪನಿಯವರು ಕ್ಯಾಪ್ಟನ್ನಿಗೆ ಹೇಳಿದರು.

ಏಳನೆಯ ದಿನ ಮಧ್ಯಾಹ್ನ ಊಟದ ತಟ್ಟೆ ಹಿಡಿದಿದ್ದ ದೇವರಾಜು ಹಾಗೆಯೇ ಕುಸಿದ. "ಚಲುವಣ್ಣ, ಎದೆ ಒಂಥರಾ ಆಯ್ತದೆ ಕಣಣ್ಣ" ಎಂದ. ಆಸ್ಪತ್ರೆ ಎರಡೂ ದಡಗಳಲ್ಲಿತ್ತು. ಆದರೆ ಒಬ್ಬರ ದೋಣಿಗೆ ಇನ್ನೊಬ್ಬರು ದಾರಿ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಜೀವ ಹೋಗಿತ್ತು.

ಹೆಣ ಕೆಡದಂತೆ ಇಡಲು ಇದ್ದದ್ದು ಅಡುಗೆಮನೆಯ ಶೀತಲ ಕೋಣೆಯೊಂದೇ. ಹತ್ತೊಂಬತ್ತು ದಿನ ಚಲುವರಾಜು ತರಕಾರಿ, ಕೋಳಿ ತೆಗೆಯಲು ಅದರೊಳಗೇ ಹೋಗಬೇಕಾಯಿತು. ಮೊದಮೊದಲು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಆಮೇಲಾಮೇಲೆ, "ನಾನು ಕಣ್ಲಾ" ಎಂದು ಹೇಳಿಯೇ ಬಾಗಿಲು ತೆಗೆಯುತ್ತಿದ್ದ.

ಕೊನೆಗೆ ಎರಡು ಸರ್ಕಾರಗಳೂ ಮಾತಾಡಿಕೊಂಡು ಹಡಗನ್ನು ಬಿಟ್ಟವು. ಮೂರನೆಯ ದೇಶವೊಂದರ ಬಂದರಿನಲ್ಲಿ ಹೆಣ ಇಳಿಸಿ ವಿಮಾನದಲ್ಲಿ ಕಳಿಸಿದರು. ಬಿಂಡಿಗನವಿಲೆಯ ಹೊಲದಲ್ಲಿ ಮಣ್ಣು ಮಾಡಿದ್ದಾಯಿತು.

ಮರಣ ಪ್ರಮಾಣಪತ್ರ ಮಾತ್ರ ಸಿಗಲಿಲ್ಲ. ಯಾವ ದೇಶದ ಹೆಸರು ಬರೆದರೂ ನಾಳೆ ಅದೇ ಸಾಕ್ಷಿಯಾದೀತೆಂದು ಕ್ಯಾಪ್ಟನ್ ಸಾವಿನ ವರದಿಯಲ್ಲಿ ಸತ್ತ ಜಾಗದ ಬರೀ ಅಕ್ಷಾಂಶ, ರೇಖಾಂಶ ಬರೆದಿದ್ದ. ಆ ಕಾಗದ ಹಿಡಿದು ದೇವರಾಜುವಿನ ಹೆಂಡತಿ ರಂಜಿತ ನಾಗಮಂಗಲದ ತಾಲ್ಲೂಕು ಕಚೇರಿಗೆ ಅಲೆದಳು. ಜೊತೆಗೆ ಚಲುವರಾಜುವೂ ಹೋಗುತ್ತಿದ್ದ. "ಸತ್ತ ಜಾಗ ಅಂದ್ರೆ ಊರೆಸ್ರು ಬೇಕು ಕಣಮ್ಮ. ನಂಬರ್ ಬರ್ಕೊಳಕ್ಕಾಯ್ತದಾ?" ಎಂದ ಗುಮಾಸ್ತ.

ವರ್ಷ ಕಳೆದ ಮೇಲೆ ವಕೀಲರೊಬ್ಬರು ದಾರಿ ಹೇಳಿದರು. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಅದರಲ್ಲಿರುವವರ ಹೊಣೆ ಆ ದೇಶದ್ದಂತೆ. ಅಲ್ಲಿಗೆ ಬರೆದರು. ಪ್ರಮಾಣಪತ್ರ ಮೆಸ್ಸಿನ ವಿಳಾಸಕ್ಕೆ ಬಂತು. ಭೂಪಟದಲ್ಲಿ ಸಾಸಿವೆಯಷ್ಟಿದ್ದ ದ್ವೀಪದೇಶವೊಂದರ ಮುದ್ರೆ ಅದರ ಮೇಲಿತ್ತು.

ಅದನ್ನು ಕೊಡಲು ಚಲುವರಾಜು ಬಿಂಡಿಗನವಿಲೆಗೆ ಹೋದಾಗ ರಂಜಿತ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಈ ದೇಸುಕ್ಕೆ ನೀವು ಓಗಿದ್ರಾ, ಅಣ್ಣ?"

"ಇಲ್ಲ ಕಣವ್ವ. ಅವ್ನೂ ಓಗಿರ್ನಿಲ್ಲ."

ಶೀತಲ ಕೋಣೆಯ ವಿಷಯ ಅವಳಿಗೆ ಹೇಳಿದ್ದು ಆಗಲೇ. ಅವಳು ಸೊಪ್ಪು ಕೆಳಗಿಟ್ಟು ಕೇಳಿಸಿಕೊಂಡಳು.

"ಅವ್ರೇನಾರ ಮಾತಾಡುದ್ರಾ?"

ಇಲ್ಲ ಎನ್ನಬೇಕೆಂದುಕೊಂಡ. ಆಗಲಿಲ್ಲ. "ಊರ್ಗೆ ಯಾವತ್ತು ಓಗದು ಅಂತ ಕೇಳ್ತಿದ್ದ."

ರಂಜಿತ ಹೊಲದ ಕಡೆ ನೋಡಿದಳು. "ಇಲ್ಲೂ ಅದ್ನೇ ಕೇಳ್ತಾವ್ರೆ" ಎಂದಳು.

ಚಲುವರಾಜು ಆ ದಿನ ಸಂಜೆಯ ಬಸ್ಸು ಬಿಟ್ಟು ಅಲ್ಲೇ ಜಗುಲಿಯ ಮೇಲೆ ಕೂತುಬಿಟ್ಟ. ರಂಜಿತ ಅವನಿಗೂ ದೇವರಾಜುವಿಗೂ ಟೀ ತಂದಿಟ್ಟಳು.