ಮುಕ್ರಮ ತಿಕ್ಕಿದ ಗಡಿಯಾರ

ಅಫಜಲಪುರ ಬಸ್‌ಸ್ಟ್ಯಾಂಡಿನೆದುರು, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕಾದ ಅಂಗಡಿಯಲ್ಲಿ, ಗಡಿಯಾರ ರಿಪೇರಿಯ ಮುಕ್ರಮ ಮೂವತ್ತು ವರ್ಷಗಳಿಂದ ತುಕ್ಕಿನ ಮೇಲೆ ಯುದ್ಧ ಸಾರಿಕೊಂಡು ಕೂತಿದ್ದ. ಮೊದಲು ಹೊಳಪು, ಆಮೇಲೆ ರೋಗದ ವಿಚಾರ. ಗಿರಾಕಿ ನೋಡುವುದು ಹೊರಗನ್ನೇ ಎಂಬುದು ಈ ದಂಡನಾಯಕನ ಸಿದ್ಧಾಂತ.

ಕರಜಗಿಯ ಶಿವಕಾಂತಾ ನಿನ್ನೆ ಕೊಟ್ಟುಹೋದ ಮಿಲಿಟರಿ ಜೇಬುಗಡಿಯಾರವನ್ನೂ ಹಾಗೇ ತಿಕ್ಕಿದ. ಬೆನ್ನ ಮೇಲೊಂದು ಸೈನ್ಯದ ಗುರುತಿನ ಬಾಣ, ಅದರ ಕೆಳಗೆ ಸವೆದ ಅಂಕಿಗಳು. ಹಳೆಯ ಗೀರುಗಳೆಂದು ಒಂದನ್ನೂ ಜೀವಸಹಿತ ಬಿಡಲಿಲ್ಲ.

ಆಗ ಅವಳ ಫೋನು ಬಂತು. ಗಡಿಯಾರ ತನ್ನ ಅಜ್ಜನದೆಂದು ದಾಯಾದಿ ಸೂರ್ಯಕಾಂತ ಪಟ್ಟು ಹಿಡಿದಿದ್ದಾನೆ. ಇಬ್ಬರ ಅಜ್ಜಂದಿರೂ ಸೈನ್ಯದಲ್ಲಿದ್ದವರು. ಈಗ ಟ್ರಂಕಿನಲ್ಲಿ ಅವಳ ಅಜ್ಜನ ಕಾಗದ ಸಿಕ್ಕಿದೆ, ಅದರಲ್ಲಿ ಹೆಸರೂ ಇದೆ, ಗಡಿಯಾರದ ನಂಬರೂ ಇದೆ. ಬೆನ್ನ ಮೇಲಿನ ನಂಬರ್ ತಾಳೆಯಾದರೆ ಗಡಿಯಾರ ಅವಳದು, ಇಲ್ಲವಾದರೆ ಅವನದು. ಇಬ್ಬರೂ ಬಸ್ಸಿನಲ್ಲಿದ್ದಾರೆ.

ಮುಕ್ರಮ ಗಡಿಯಾರ ತಿರುವಿದ. ನಂಬರಿನ ಜಾಗದಲ್ಲಿ ಅವನದೇ ಬೆವತ ಮುಖ ಕಂಡಿತು. ಸೂಜಿಯಿಂದ ಬಾಣವನ್ನೇನೋ ಕೊರೆಯಬಹುದಿತ್ತು, ಅಂಕಿ ಯಾವುದು? ಸೂಜಿ ಕೆಳಗಿಟ್ಟ. ಕರಜಗಿ ಬಸ್ಸು ಬಂದು ನಿಂತಿತು.

ಶಿವಕಾಂತಾ ಕಾಗದ ಬಿಚ್ಚಿದಳು. ಸೂರ್ಯಕಾಂತ ಗಡಿಯಾರವನ್ನು ಬೆಳಕಿಗೆ ಹಿಡಿದು ನಕ್ಕ. "ನಂಬರ್ ಎಲ್ಲೈತಿ ತೋರಸ್ರಿ ಮಾಸ್ತರ."

ವೇಳೆ ಕಳೆಯಲೆಂದೇ ಮುಕ್ರಮ ಮುಚ್ಚಳದ ಸಂದಿಗೆ ಚಾಕುವಿನ ತುದಿ ಇಟ್ಟ. ತುಕ್ಕು ಸೇಡು ತೀರಿಸಿಕೊಂಡಿತು, ಮುಚ್ಚಳ ಜಪ್ಪೆನ್ನಲಿಲ್ಲ. ಎರಡನೆಯ ಸಲ ಚಾಕು ಜಾರಿ ಹೆಬ್ಬೆರಳು ಕೊಯ್ಯಿತು. ಮೂರನೆಯ ಸಲಕ್ಕೆ ಟಕ್ಕೆಂದು ತೆರೆಯಿತು.

ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀರಿದ ಉರ್ದು ಸಹಿ, ಒಂದು ತಾರೀಖು, ಉದ್ದನೆಯ ನಂಬರು. ಸಹಿ ಮೊದಲು ಇದೇ ಅಂಗಡಿಯಲ್ಲಿ ಕೂತಿದ್ದ ಅಪ್ಪ ರಸೂಲನದು. ತಾನು ಗಡಿಯಾರ ಬದಲಾಯಿಸಿದನೆಂದು ಸಿಪಾಯಿಗಳು ಅಂದಾರೆಂದು ಹೆದರಿ, ರಿಪೇರಿ ಮಾಡಿದಾಗಲೆಲ್ಲ ಅವನು ಬೆನ್ನ ಮೇಲಿನ ನಂಬರನ್ನು ಒಳಗೂ ಗೀರುತ್ತಿದ್ದ. ಈ ಪುಕ್ಕಲುತನಕ್ಕೆ ಮುಕ್ರಮ ಜೀವನಪೂರ್ತಿ ನಕ್ಕಿದ್ದ.

ಸೂರ್ಯಕಾಂತನೇ ಒಂದೊಂದಾಗಿ ಅಂಕಿ ಓದಿದ. ಶಿವಕಾಂತಾಳ ಬೆರಳು ಕಾಗದದ ಮೇಲೆ ಸರಿಯುತ್ತಾ ಹೋಯಿತು. ಕೊನೆಯ ಅಂಕಿಯೂ ತಾಳೆಯಾಯಿತು. ಅವನು ಗಡಿಯಾರವನ್ನು ಅವಳ ಮುಂದಿಟ್ಟು ಚಹಾದಂಗಡಿಯತ್ತ ನಡೆದ.

"ಹೊರಗಿಂದು ಎಲ್ಲಿ ಹೋತ್ರಿ?" ಅಂದಳು ಶಿವಕಾಂತಾ.

"ನಾನಽ ತಿಕ್ಕಿ ಅಳಿಸೀನ್ರಿ, ಅಕ್ಕಾರ."

ಅವಳು ಸೂಜಿಯನ್ನು ಅವನತ್ತ ತಳ್ಳಿದಳು. "ಅದನ್ನೂ ಒಳಗ ಬರೀರಿ. ನನ್ನ ಮೊಮ್ಮಕ್ಕಳಿಗೂ ತಿಳೀಲಿ."

ಅಪ್ಪನ ಸಹಿಯ ಕೆಳಗೆ ಮುಕ್ರಮ ಗೀರಿದ: 'ಹೊರಗಿನ ನಂಬರ್ ಅಳಿಸಿದವ, ಮುಕ್ರಮ.' ತಾರೀಖೂ ಹಾಕಿದ. ಗಡಿಯಾರ ಮಾತ್ರ ಇನ್ನೂ ನಡೆಯುತ್ತಿರಲಿಲ್ಲ.