ಎಲ್ಲ ಚೌಕಕ್ಕೂ ಗುರುತು ಹಾಕಿದ ವಿಮಲಕ್ಕ

ವಿಮಲಕ್ಕನ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯ ಮೇಲೆ, ಅಂಗಡಿಯಲ್ಲಿ ನಿಂತರೆ ಮೇಜಿನ ಅಂಚಿನ ಮೇಲೆ, ಯಾರಾದರೂ ಕಷ್ಟ ಹೇಳಿಕೊಳ್ಳುತ್ತಿದ್ದರೆ ತಮ್ಮದೇ ಸೀರೆಯ ನೆರಿಗೆಯ ಮೇಲೆ ಹತ್ತೂ ಬೆರಳು ಟೈಪು ಮಾಡುತ್ತಿದ್ದವು. ಹುಡುಗಿಯಾಗಿದ್ದಾಗ ಕೆರೆಕಟ್ಟೆಯಿಂದ ಕೊಪ್ಪಕ್ಕೆ ಬಂದು ಟೈಪಿಂಗ್ ಕಲಿತವರು, ಆಮೇಲೆ ಅದನ್ನೇ ಕಲಿಸಿದವರು. ಟೈಪ್‌ರೈಟರುಗಳ ಕಾಲ ಮುಗಿದಾಗ ಅದೇ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡರು. ಮದುವೆಯಾಗಿರಲಿಲ್ಲ. ಪಾತ್ರೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಅವರ ಕೋಣೆ. ಅಲ್ಲಿದ್ದ ಕುರ್ಚಿಗಳೆಲ್ಲ ಬಂದವರಿಗೆ. ಅವರು ನಿಂತೇ ಕೆಲಸ ಮಾಡುತ್ತಿದ್ದರು.

ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಯಾವುದಕ್ಕೆ ಹೋದರೂ ತೆರೆಯ ಮೇಲಿದ್ದದ್ದನ್ನು ಅವರು ಜೋರಾಗಿ ಓದಿ ಹೇಳುತ್ತಿದ್ದರು, ಅರ್ಜಿ ಯಾರದೋ ಅವರಿಗೆ ಅರ್ಥವಾಗಲಿ ಎಂದು. ಪುಟ ಹಟ ಹಿಡಿದು ನಿಂತರೆ, "ಕ್ಯಾಶ್ ಖಾಲಿ ಮಾಡಿದ್ರೆ ಸರಿಯಾಗ್ತದೆ" ಎನ್ನುವರು. ಒಮ್ಮೆ ಹೀಗೆಂದಾಗ, ಗೊಬ್ಬರದ ಅರ್ಜಿಗೆ ಬಂದಿದ್ದ ಹಿರಿಯರೊಬ್ಬರು ಗಾಬರಿಯಿಂದ ಜೇಬು ಹಿಡಿದುಕೊಂಡು, "ನನ್ನ ಹತ್ರ ಬಸ್ಸಿಗೆ ಮಾತ್ರ ಉಂಟು ಮಾರಾಯ್ತಿ" ಎಂದಿದ್ದರು. ವಿಮಲಕ್ಕ ನಗದೆ, ಅವರ ಪಕ್ಕ ಬಾಗಿ ವಿವರಿಸಿದ್ದರು: "ಆ ಕ್ಯಾಶ್ ಅಲ್ಲ ಅಣ್ಣಾ. ಈ ಬ್ರೌಸರ್ ಇದ್ಯಲ್ಲ, ಇದು ಪ್ರತಿ ಸಲ ಅಷ್ಟು ದೂರ ಹೋಗಿ ಪುಟ ತರೋಕೆ ಉದಾಸೀನ ಮಾಡ್ತದೆ. ನಿನ್ನೆ ತಂದದ್ದನ್ನ ಇಲ್ಲೇ ಇಟ್ಕೊಂಡು ಇವತ್ತೂ ಅದನ್ನೇ ತೋರಿಸ್ತದೆ. ಸುಳ್ಳು ಹೇಳ್ತದೆ ಅಂತಲ್ಲ. ನಿನ್ನೆಯ ನಿಜ ಹೇಳ್ತದೆ. ನಮಗೆ ಇವತ್ತಿಂದು ಬೇಕಲ್ಲ?"

ಇಷ್ಟು ತಿಳಿದವರ ಕೈಯಿಂದಲೇ ಅದು ಆಯಿತು.

ನಮ್ಮದು ಕಮ್ಮರಡಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಅವ್ವ ತೋಟದ ಕೂಲಿ ಮಾಡಿ ಅಣ್ಣ ಮಂಜನನ್ನೂ ನನ್ನನ್ನೂ ಓದಿಸಿದಳು. ಮಂಜನಿಗೆ ಕಾಲೇಜಿನಲ್ಲಿ ಒಂದು ಲ್ಯಾಪ್‌ಟಾಪ್ ಸಿಕ್ಕಿತ್ತು. ಡಿಗ್ರಿ ಮುಗಿಸಿ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿಕೊಂಡ. ಮರುವರ್ಷದ ಮಳೆಗಾಲದಲ್ಲಿ ಕೆಲಸ ಮುಗಿಸಿ ಬರುವಾಗ ಹಳ್ಳದ ಮೇಲಿನ ಮರದ ಸಂಕದಿಂದ ಜಾರಿಬಿದ್ದ. ಎರಡನೆಯ ದಿನ ಸಿಕ್ಕಿದ. ಅವನ ಮೊಬೈಲು ಸಿಗಲಿಲ್ಲ.

ಮನೆಯಲ್ಲಿ ಅವನದೆಂದು ಇದ್ದ ಚಿತ್ರ ಕಾಲೇಜಿನ ಗುರುತಿನ ಚೀಟಿಯಲ್ಲಿ ಅಂಟಿಸಿದ್ದು ಒಂದೇ. ತಿಂಗಳ ಮೇಲೆ ನಾನು ಲ್ಯಾಪ್‌ಟಾಪ್ ತೆರೆದಾಗ ಅವನ ಮೇಲ್ ತಾನಾಗಿ ತೆರೆದುಕೊಂಡಿತು. ಮೊಬೈಲಿನಲ್ಲಿ ತೆಗೆದ ಫೋಟೊಗಳೆಲ್ಲ ಆ ಖಾತೆಯಲ್ಲಿ ತಾವಾಗಿ ಬಂದು ಕೂತಿದ್ದವು. ಅವುಗಳ ನಡುವೆ ಒಂದು ಪುಟ್ಟ ವಿಡಿಯೊ. ಅವ್ವ ಗೂಡು ಸೇರದ ಕೋಳಿಯೊಂದನ್ನು ಬೈಯುತ್ತ ಅಂಗಳದಲ್ಲಿ ಓಡುತ್ತಿದ್ದಾಳೆ. ಮಂಜ ಕಾಣುವುದಿಲ್ಲ. ಅವನ ನಗು ಕೇಳುತ್ತದೆ. ಆಮೇಲೆ ಅವನ ಮಾತು: "ಅವ್ವಾ, ಅದಕ್ಕೆ ಕನ್ನಡ ಬರ್ತದಾ? ಯಾಕೆ ಬೈತೀಯ ಸುಮ್ನೆ?"

ಭಾನುವಾರ ಅವ್ವನಿಗೆ ರಜೆ. ಸ್ನಾನ ಮಾಡಿ ಬಂದು ಗೋಡೆಗೆ ಒರಗಿ ಕೂತು, "ಅವನ ಮಾತು ಹಾಕು" ಎನ್ನುವಳು. ಪಕ್ಕದ ಮನೆಯ ವೈಫೈ ನಮ್ಮ ಜಗುಲಿಗೆ ಸಿಗುತ್ತಿತ್ತು. ಒಮ್ಮೆ ವಿಡಿಯೊ ತೆರೆದರೆ ನಡುವೆ ನೆಟ್‌ವರ್ಕ್ ಹೋದರೂ ಮತ್ತೆ ಮತ್ತೆ ಓಡುತ್ತಿತ್ತು. ಹಾಗಾಗಿ ಅದು ಲ್ಯಾಪ್‌ಟಾಪಿನ ಒಳಗೇ ಇದೆ ಎಂದು ನಾನು ನಂಬಿದ್ದೆ. ಬೇರೆ ಕಡೆ ಇಳಿಸಿಕೊಳ್ಳಬೇಕು ಎಂದು ಹೊಳೆಯಲೇ ಇಲ್ಲ.

ಆ ವರ್ಷ ನಾನು ನರ್ಸಿಂಗ್ ಸೀಟಿಗೆ ಅರ್ಜಿ ಹಾಕಿದ್ದೆ. ಸೀಟು ಹಂಚುವ ಪುಟ ಮೂರು ದಿನದಿಂದ ಒಂದೇ ಮಾತು ಹೇಳುತ್ತಿತ್ತು: ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಗೆಳತಿಯೊಬ್ಬಳು ನನ್ನ ಕೀಪ್ಯಾಡ್ ಫೋನಿಗೆ ಕರೆ ಮಾಡಿ, "ಒಪ್ಪಿಗೆ ಕೊಟ್ಯಾ? ಇವತ್ತು ಐದು ಗಂಟೆಗೆ ಮುಗೀತದೆ" ಎಂದಳು. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಕೊಪ್ಪದಲ್ಲಿ ಕರೆಂಟಿರಲಿಲ್ಲ. ವಿಮಲಕ್ಕನ ಎರಡೂ ಕಂಪ್ಯೂಟರ್ ಸತ್ತು ಕೂತಿದ್ದವು. ಅವರ ಮೊಬೈಲಿನಲ್ಲಿ ಆ ಪುಟದ ಒಪ್ಪಿಗೆಯ ಗುಂಡಿಯೇ ಕಾಣುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಧ ತಾಸಿನ ಚಾರ್ಜ್ ಇತ್ತು. ತಮ್ಮ ಮೊಬೈಲಿನಿಂದ ಅದಕ್ಕೆ ನೆಟ್ ಕೊಟ್ಟರು. ಪುಟ ಮತ್ತೆ ಅದನ್ನೇ ಹೇಳಿತು, ಪ್ರಕಟವಾಗಿಲ್ಲ. ಗಂಟೆ ನಾಲ್ಕೂವರೆ ದಾಟಿತ್ತು. ನಾನು ಅಳುವುದಕ್ಕೆ ಶುರುಮಾಡಿದ್ದೆ.

"ಅಳಬೇಡ ಮಾರಾಯ್ತಿ. ಹಳೇದನ್ನೇ ಹಿಡ್ಕೊಂಡು ಕೂತಿದೆ ಇದು. ನಿನ್ನ ಅರ್ಜಿ ನಂಬರು, ಪಾಸ್‌ವರ್ಡ್ ಗೊತ್ತುಂಟಲ್ಲ?"

"ಪುಸ್ತಕದಲ್ಲಿ ಬರ್ಕೊಂಡಿದೀನಿ ಅಕ್ಕಾ."

"ಹಂಗಾರೆ ಎಲ್ಲ ಅಳಿಸಿಬಿಡ್ತೀನಿ. ಟೈಮಿಲ್ಲ."

ಯಾವುದನ್ನೆಲ್ಲ ಅಳಿಸಬೇಕೆಂದು ಕೇಳುತ್ತ ತೆರೆಯ ಮೇಲೆ ಸಾಲಾಗಿ ಪುಟ್ಟ ಚೌಕಗಳು ಬಂದವು. ಆ ದಿನ ಮಾತ್ರ ವಿಮಲಕ್ಕ ಏನನ್ನೂ ಓದಿ ಹೇಳಲಿಲ್ಲ. ಟಕ್ ಟಕ್ ಎಂದು ಎಲ್ಲ ಚೌಕಕ್ಕೂ ಗುರುತು ಹಾಕಿ ಒತ್ತಿದರು. ಪುಟ ಹೊಸದಾಗಿ ತೆರೆದುಕೊಂಡಿತು. ನನಗೆ ಶಿವಮೊಗ್ಗದಲ್ಲಿ ಸೀಟಾಗಿತ್ತು. ಒಪ್ಪಿಗೆ ಕೊಟ್ಟು ರಸೀದಿ ಬಂದಾಗ ಐದಕ್ಕೆ ಇನ್ನೂ ಏಳು ನಿಮಿಷ ಬಾಕಿ. ಅವರ ಕೈ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. "ಹೋಗು, ಅವ್ವಂಗೆ ಹೇಳು" ಎಂದರು. ಅವರ ಕಣ್ಣಲ್ಲೂ ನೀರಿತ್ತು.

ಅವ್ವ ಸುದ್ದಿ ಕೇಳಿ ದೇವರಿಗೆ ದೀಪ ಹಚ್ಚಿ ಬಂದಳು. "ಮಂಜಂಗೂ ಕೇಳ್ಲಿ, ಅವನ ಮಾತು ಹಾಕು" ಎಂದಳು.

ನಾನು ತೆರೆದೆ. ಮೇಲ್ ಪಾಸ್‌ವರ್ಡ್ ಕೇಳಿತು.

ನನಗೆ ಗೊತ್ತಿದ್ದ ಎಲ್ಲವನ್ನೂ ಹಾಕಿದೆ. ಅವನ ಹೆಸರು, ಹುಟ್ಟಿದ ದಿನ, ಅವ್ವನ ಹೆಸರು. ಅವ್ವ ಗೋಡೆಗೆ ಒರಗಿ ಕಾಯುತ್ತಲೇ ಇದ್ದಳು. "ನೆಟ್‌ವರ್ಕ್ ಇಲ್ಲ ಅವ್ವಾ" ಎಂದು ಸುಳ್ಳು ಹೇಳಿದೆ.

ಮರುದಿನ ಬೆಳಗ್ಗೆ ವಿಮಲಕ್ಕ ಬಾಗಿಲು ತೆಗೆಯುವುದಕ್ಕೆ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆ. ಹೇಳಿದೆ. ಅವರು ಬಾಗಿಲು ತೆಗೆದರು. ಆಮೇಲೆ, ಮೊದಲ ಸಲ, ಬಂದವರ ಕುರ್ಚಿಯಲ್ಲಿ ತಾವು ಕೂತರು.

"ಅದು ಲ್ಯಾಪ್‌ಟಾಪಲ್ಲಿ ಇರ್ಲಿಲ್ಲ ಸುಧಾ. ನೀವು ನೋಡ್ತಿದ್ದದ್ದು ಇಲ್ಲಿ ತಂದಿಟ್ಕೊಂಡ ಪ್ರತಿ. ಅಸಲು ಎಲ್ಲೋ ದೂರದಲ್ಲಿ ಉಂಟು. ಕ್ಯಾಶ್ ಒಂದಕ್ಕೇ ಗುರುತು ಹಾಕಿದ್ರೆ ಪ್ರತಿ ಮಾತ್ರ ಹೋಗ್ತಿತ್ತು, ಮತ್ತೆ ತರಿಸ್ಕೊಬಹುದಿತ್ತು. ನಾನು ಇದು ಮಂಜನೇ ಅಂತ ಗುರುತು ಹಿಡಿಯೋ ಕುಕೀಸನ್ನೂ ಅಳಿಸ್ದೆ, ಅವನು ಉಳಿಸಿಟ್ಟಿದ್ದ ಪಾಸ್‌ವರ್ಡನ್ನೂ ಅಳಿಸ್ದೆ. ಅಲ್ಲಿಗೆ ಹೋಗೋ ಬಾಗಿಲನ್ನೇ ಮುಚ್ಚಿಬಿಟ್ಟೆ."

"ನೀವು ಕೇಳಬಹುದಿತ್ತಲ್ಲ" ಎಂದೆ. "ಒಂದು ಮಾತು ಕೇಳಬಹುದಿತ್ತಲ್ಲ. ಎಲ್ಲಾ ಗೊತ್ತಿದ್ದೋರು ನೀವು." ಇನ್ನೂ ಏನೇನೋ ಅಂದೆ. ಹಿಂದಿನ ದಿನ ಹಿಡಿದುಕೊಂಡಿದ್ದ ಕೈಗಳನ್ನು ನೋಡುತ್ತಲೇ ಅಂದೆ. ಅವು ಅಲುಗಾಡದೆ ಮಡಿಲಲ್ಲಿ ಬಿದ್ದಿದ್ದವು.

ಅವತ್ತು ಅಂಗಡಿ ಮುಚ್ಚಿ ನನ್ನ ಜೊತೆ ಕಮ್ಮರಡಿಗೆ ಬಂದರು. ಬೇಡವೆಂದರೂ ಕೇಳಲಿಲ್ಲ. ಅವ್ವನ ಎದುರು ನೆಲದ ಮೇಲೆ ಕೂತು, "ತಪ್ಪು ನಂದು ಅಮ್ಮಾ. ಮಗಳಿಗೆ ಬೈಬೇಡಿ. ಮಂಜನ ಮಾತು ನನ್ನ ಕೈಯಿಂದ ಹೋಯ್ತು" ಎಂದರು. ಅವ್ವನಿಗೆ ಖಾತೆ, ಕುಕೀಸು ಯಾವುದೂ ತಿಳಿಯಲಿಲ್ಲ. ಹೋಯ್ತು ಎನ್ನುವುದು ತಿಳಿಯಿತು. ಕೇಳಿದಳು: "ಇನ್ನು ಬರಲ್ವಾ?"

"ಪ್ರಯತ್ನ ಮಾಡ್ತೀನಿ."

"ಊಟ ಮಾಡ್ಕೊಂಡು ಹೋಗಿ" ಎಂದಳು ಅವ್ವ. ಬಡಿಸಿದಳು. ಆ ಭಾನುವಾರ ಅವ್ವ ಕೆಲಸ ಹುಡುಕಿಕೊಂಡು ಹೋದಳು. ಮುಂದಿನ ಭಾನುವಾರಗಳೂ ಹಾಗೆಯೇ.

ಪಾಸ್‌ವರ್ಡ್ ಮರೆತವರಿಗೆ ಮೊಬೈಲಿಗೊಂದು ಒಟಿಪಿ ಬರುತ್ತದಲ್ಲ, ಮಂಜನ ನಂಬರಿಗೆ ಅದು ಹೋಗುತ್ತಿತ್ತು. ಆ ನಂಬರು ಆಗಲೇ ಬೇರೆ ಯಾರಿಗೋ ಸೇರಿತ್ತು. ವಿಮಲಕ್ಕ ಕರೆ ಮಾಡಿದರು. ಎತ್ತಿದವರು ಶೆಟ್ಟಿಕೊಪ್ಪದ ಒಬ್ಬ ಜೀಪ್ ಡ್ರೈವರು. "ಒಟಿಪಿ ಕೇಳ್ತೀಯಾ? ನಿನ್ನಂಥ ಕಳ್ಳರನ್ನ ಎಷ್ಟು ಕಂಡಿಲ್ಲ ನಾನು" ಎಂದು ಬೈದು ಇಟ್ಟರು. ವಿಮಲಕ್ಕ ಐದು ಸಲ ಬೈಸಿಕೊಂಡರು. ಆರನೆಯ ಸಲ, "ಅಣ್ಣಾ, ನೀವು ಎಲ್ಲಿದ್ದೀರಿ ಹೇಳಿ, ನಾವೇ ಬರ್ತೀವಿ. ನಮ್ಮ ಮುಖ ನೋಡಿ ಆಮೇಲೆ ಬೈರಿ" ಎಂದರು.

ಕೊಪ್ಪದಿಂದ ಹೊರಟು ನರಸಿಂಹರಾಜಪುರದಲ್ಲಿ ಬಸ್ಸು ಬದಲಿಸಿ ಶೆಟ್ಟಿಕೊಪ್ಪದಲ್ಲಿ ಇಳಿದೆವು. ದಾರಿಯುದ್ದಕ್ಕೂ ನಾನು ಅವರ ಜೊತೆ ಮಾತಾಡಲಿಲ್ಲ. ಡ್ರೈವರ್ ಅಣ್ಣ ಸ್ಟ್ಯಾಂಡಿನಲ್ಲೇ ಇದ್ದರು. ನಾನು ಗುರುತಿನ ಚೀಟಿಯಲ್ಲಿದ್ದ ಮಂಜನ ಚಿತ್ರ ತೋರಿಸಿದೆ. ಅವರು ಅದನ್ನು ನೋಡಿ, ನನ್ನ ಮುಖ ನೋಡಿ, ಜೀಪಿನ ಬಾನೆಟ್ ಮೇಲಿದ್ದ ಚಹಾದ ಲೋಟ ಸರಿಸಿ ಲ್ಯಾಪ್‌ಟಾಪಿಗೆ ಜಾಗ ಮಾಡಿದರು. "ಬಂತು, ಬರ್ಕೊಳಿ" ಎಂದು ಆರು ಅಂಕಿಗಳನ್ನು ಒಂದೊಂದಾಗಿ ಓದಿದರು. ವಿಮಲಕ್ಕ ಒಂದೊಂದಾಗಿ ಒತ್ತಿದರು. ಚಕ್ರ ತಿರುಗಿತು.

ವಿಮಲಕ್ಕ ತೆರೆಯ ಮೇಲೆ ಬಂದದ್ದನ್ನು ಓದಿ ಹೇಳಿದರು: "ಇದು ನಿಮ್ಮದೇ ಖಾತೆ ಎಂದು ಖಚಿತಪಡಿಸಿಕೊಳ್ಳಲು ಸಾಧ್ಯವಾಗಲಿಲ್ಲ."

ಒಟಿಪಿ ಒಂದೇ ಸಾಲದಂತೆ. ನಾವು ಬಹಳ ಸಲ ತಪ್ಪು ಪಾಸ್‌ವರ್ಡ್ ಹಾಕಿದ್ದೆವು. ಲ್ಯಾಪ್‌ಟಾಪ್ ಮಂಜನದೇ ಎಂದು ಗುರುತಿಸುವ ಕುರುಹೂ ಅಳಿಸಿಹೋಗಿತ್ತು. ಮತ್ತೆ ಮತ್ತೆ ಹಾಕಿದೆವು. ಡ್ರೈವರ್ ಅಣ್ಣ ಎರಡು ಬಾಡಿಗೆ ಬಿಟ್ಟು ನಿಂತಿದ್ದರು. ಕೊನೆಗೆ ಇನ್ನು ಕೆಲವು ದಿನ ಪ್ರಯತ್ನವನ್ನೇ ಮಾಡಬೇಡಿ ಎಂದಿತು. "ಅವನು ಸತ್ತಿದ್ದಾನೆ ಅಂತ ಹೇಳೋಕೆ ಇದ್ರಲ್ಲಿ ಜಾಗ ಇಲ್ವಾ?" ಎಂದು ಡ್ರೈವರ್ ಅಣ್ಣ ಕೇಳಿದರು. ಅಂಥದ್ದಕ್ಕೂ ವಿಮಲಕ್ಕ ಆಮೇಲೆ ಅರ್ಜಿ ಹಾಕಿಸಿದರು. ಮರಣಪತ್ರ ಕಳಿಸಿದೆವು. ಏನೂ ಬರಲಿಲ್ಲ. ಅಳಿಸಿದ್ದನ್ನು ಹುಡುಕಿಕೊಡುವವರಿದ್ದಾರೆಂದು ವಿಮಲಕ್ಕ ಲ್ಯಾಪ್‌ಟಾಪನ್ನು ಶಿವಮೊಗ್ಗಕ್ಕೂ ಒಯ್ದರು. ಯಾವ್ಯಾವುದೋ ಜಾಹೀರಾತಿನ ಚೂರುಗಳು ಸಿಕ್ಕವು. ಮಂಜ ಸಿಗಲಿಲ್ಲ.

ನಾನು ಕಾಲೇಜು ಸೇರಿದೆ. ನನಗೆ ಆ ಹುಡುಕಾಟ ಸಾಕಾಗಿತ್ತು. ವಿಮಲಕ್ಕ ಬಿಡಲಿಲ್ಲ. ಪುಟ ಎಷ್ಟು ದಿನಕ್ಕೊಮ್ಮೆ ಬಿಡುತ್ತದೋ ಅಷ್ಟು ದಿನಕ್ಕೊಮ್ಮೆ ಒಂದು ಹೊಸ ಪಾಸ್‌ವರ್ಡ್ ಹಾಕಿ ನೋಡುತ್ತಿದ್ದರು. ಮಂಜ ಏನನ್ನು ಇಟ್ಟಿರಬಹುದು ಎಂದು ತಿಳಿಯಲು ಅವನ ಶಾಲೆಯ ಗೆಳೆಯರನ್ನು, ಎಸ್ಟೇಟಿನವರನ್ನು, ಶೃಂಗೇರಿಯಲ್ಲಿ ಅವನ ಜೊತೆ ಡಿಗ್ರಿ ಓದಿದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವನು ಸಾಕಿದ್ದ ನಾಯಿಯ ಹೆಸರು, ಕ್ರಿಕೆಟ್ಟಿನಲ್ಲಿ ಅವನಿಗಿಟ್ಟಿದ್ದ ಅಡ್ಡಹೆಸರು, ಕೊಳ್ಳಬೇಕೆಂದಿದ್ದ ಬೈಕು, ನಮಗೆ ಯಾರಿಗೂ ಹೇಳದೆ ಇಷ್ಟಪಟ್ಟಿದ್ದ ಒಬ್ಬ ಹುಡುಗಿಯ ಹೆಸರು. ಕಮ್ಮರಡಿಗೆ ಬಂದಾಗ ಅವ್ವನಿಗೆ ಅದನ್ನೆಲ್ಲ ಹೇಳುತ್ತಿದ್ದರಂತೆ. ಅವ್ವ ಒಮ್ಮೆ ಫೋನಿನಲ್ಲಿ ನನಗೆ ಹೇಳಿದಳು: "ನಮ್ಮ ಮಂಜಂಗೆ ಹೊಳೆಮೀನು ಅಂದ್ರೆ ಆಗ್ತಿರ್ಲಿಲ್ಲಂತೆ ಕಣೇ. ನಾನು ಬೇಜಾರ್ ಮಾಡ್ಕೋತೀನಿ ಅಂತ ತಿಂತಿದ್ನಂತೆ."

ಕೊನೆಯ ಸಲ ವಿಮಲಕ್ಕನನ್ನು ನೋಡಿದ್ದು ನಾನು ಕೋರ್ಸು ಮುಗಿಸಿದ ವರ್ಷ. ಬಹಳ ಇಳಿದುಹೋಗಿದ್ದರು. ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ನಾನು ನಾಡಿ ಹಿಡಿದು ನೋಡಿ, ಹೃದಯದ ಡಾಕ್ಟರಿಗೆ ತೋರಿಸಲೇಬೇಕು ಎಂದೆ. "ತೋರಿಸ್ತೀನಿ, ತೋರಿಸ್ತೀನಿ" ಎನ್ನುತ್ತ ಕಂಪ್ಯೂಟರ್ ಕಡೆ ತಿರುಗಿದರು. ಅವತ್ತು ಪ್ರಯತ್ನದ ದಿನ. ಒಂದು ಹೆಸರು ಹಾಕಿದರು. ತಪ್ಪು ಎಂದಿತು.

"ಸಾಕು ಬಿಡಿ ಅಕ್ಕಾ. ನಮಗೆ ನಿಮ್ಮ ಮೇಲೆ ಏನೂ ಇಲ್ಲ ಈಗ."

"ನಿಮಗಿಲ್ಲ, ಗೊತ್ತುಂಟು" ಎಂದರು. "ನಿಮ್ಮವ್ವ ಪ್ರತಿ ಸಲ ಊಟ ಹಾಕಿ ಕಳಿಸ್ತಾರೆ. ಬೈದಿದ್ರೆ ಆದ್ರೂ ನಾನು ಬಿಡ್ತಿದ್ನೇನೋ."

ಮುಂದಿನ ಬೇಸಿಗೆಯಲ್ಲಿ ಕೆರೆಕಟ್ಟೆಯ ತಂಗಿಯ ಮನೆಯಲ್ಲಿ ತೀರಿಕೊಂಡರು. ಡಾಕ್ಟರಿಗೆ ತೋರಿಸಿರಲಿಲ್ಲ. ಸುದ್ದಿ ಬಂದಾಗ ನಾನು ಶಿವಮೊಗ್ಗದಲ್ಲಿ ಡ್ಯೂಟಿಯಲ್ಲಿದ್ದೆ. ಕೆರೆಕಟ್ಟೆಗೆ ಬಸ್ಸು ಕಡಿಮೆ. ಹೋಗಿ ಸೇರುವಾಗ ಎಲ್ಲ ಮುಗಿದು ಜನ ಚೆದುರುತ್ತಿದ್ದರು. ಅವ್ವ ನನಗಿಂತ ಮೊದಲೇ ಬಂದಿದ್ದಳು. ಅಂಗಳದ ಮೂಲೆಯ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಮಂಜನನ್ನು ಮನೆಗೆ ತಂದ ದಿನವೂ ಅವಳು ಅಷ್ಟು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕ ಕೂತು ಭುಜ ಹಿಡಿದುಕೊಂಡೆ.

"ಇಷ್ಟು ದಿನ ನನ್ನ ಮಗನ್ನ ಹುಡುಕೋಕೆ ಒಬ್ಬಳಿದ್ದಳು ಕಣೇ" ಎಂದಳು ಅವ್ವ. "ಇನ್ನು ಯಾರು ಹುಡುಕ್ತಾರೆ ಅವನನ್ನ?"